ಹನಿ, ಹೊದಿಕೆ, ಹಿಡಿತ

ಕನ್ನಡದ ಕರಪತ್ರ ಆ ಕಟ್ಟಡಕ್ಕೆ ಬಂದ ದಿನ ಎಲ್ಲರೂ ಮಾಡಿದ ಮೊದಲ ಕೆಲಸ ನಗುವುದು.

ಟೊರೊಂಟೊದ ನಾರ್ತ್ ಯಾರ್ಕಿನಲ್ಲಿ, ಸಬ್‌ವೇ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಸಿಗುವ ಇಪ್ಪತ್ತೆರಡು ಮಹಡಿಯ ಕಟ್ಟಡ ಅದು. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯ ಒಂಬತ್ತು ಮನೆಗಳು ಅಲ್ಲಿವೆ. ತಿಂಗಳಿಗೊಂದು ಶನಿವಾರ ಎಲ್ಲರೂ ಕೆಳಗಿನ ಪಾರ್ಟಿ ರೂಮಿನಲ್ಲಿ ಸೇರುತ್ತಾರೆ. ಒಬ್ಬರು ರೊಟ್ಟಿ ತರುತ್ತಾರೆ, ಇನ್ನೊಬ್ಬರು ಬದನೆಕಾಯಿ ಎಣ್ಣೆಗಾಯಿ ತರುತ್ತಾರೆ, ಕೆಲವರು ಬರೀ ಬಾಯಿ ತರುತ್ತಾರೆ. ಬಾಯಿ ತರುವವರಲ್ಲಿ ವೀರಭದ್ರಪ್ಪನವರು ಮೊದಲಿಗರು. ಆಳಂದದ ಸುತ್ತಮುತ್ತ ಮೂವತ್ತು ವರ್ಷ ಮನೆ ಕಟ್ಟಿದ ಗೌಂಡಿ, ಈಗ ಎಪ್ಪತ್ನಾಲ್ಕು ವಯಸ್ಸು. ಹೆಂಡತಿ ಜಯಶೀಲಾ ಅಲ್ಲಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ಇಬ್ಬರೂ ಈಗ ಮಗಳು ರಾಜೇಶ್ವರಿಯ ಜೊತೆ ಹದಿನಾಲ್ಕನೇ ಮಹಡಿಯಲ್ಲಿದ್ದಾರೆ.

ಆ ಶನಿವಾರ ವೀರಭದ್ರಪ್ಪನವರು ಕನ್ನಡಕ ಏರಿಸಿಕೊಂಡು, ಕರಪತ್ರವನ್ನು ತೋಳುದ್ದ ದೂರ ಹಿಡಿದು, ಭೂಕಂಪ ಆದರೆ ಮಾಡಬೇಕಾದ ಮೂರು ಕೆಲಸ ಎಂದು ಗಟ್ಟಿಯಾಗಿ ಓದಿದರು.

"ಹನಿ. ಹೊದಿಕೆ. ಹಿಡಿತ."

ಕಾಗದ ಇಳಿಸಿ ಸುತ್ತ ನೋಡಿದರು. "ಅಂದ್ರ, ಭೂಮಿ ನಡುಗಿತು ಅಂದ್ರ ಮೊದಲ ಒಂದು ಹನಿ ತೀರ್ಥ ತಗೋಬೇಕು. ಆಮ್ಯಾಲ ಚಾದರ ಹೊದ್ಕೋಬೇಕು. ಕಡೀಕ ಕೊಳ್ಳಾಗಿನ ಲಿಂಗ ಗಟ್ಟಿ ಹಿಡ್ಕೋಬೇಕು. ಇಲ್ಲಿ ಮಂದಿಗಿ ನಮ್ಮ ಪದ್ಧತಿ ಎಲ್ಲಾ ಗೊತ್ತದ, ನೋಡ್ರಿ."

"ಹನಿ ಅಂದ್ರ ತೀರ್ಥದ್ದೋ ಬ್ಯಾರೇದ್ದೋ, ಕಾಕಾ?" ಎಂದ ಒಂಬತ್ತನೇ ಮಹಡಿಯ ಭರತೇಶ.

ಕೋಣೆಯೆಲ್ಲ ನಕ್ಕಿತು. ಗಿರಿಜಾಳೂ ನಕ್ಕಳು. ಬೇರೆ ಯಾರಿಗಿಂತ ಅವಳ ನಗೆಯೇ ಜೋರಾಗಿತ್ತು, ಯಾಕೆಂದರೆ ಆ ಕರಪತ್ರ ಅವಳದು.

ಗಿರಿಜಾ ಬೆಳಗಾವಿಯವಳು, ಇದೇ ಕಟ್ಟಡದ ಆರನೇ ಮಹಡಿಯವಳು. ಭೂಮಿ ನಡುಗಿದಾಗ ಆಸ್ಪತ್ರೆ, ಸೇತುವೆಗಳು ಬೀಳದಂತೆ ಲೆಕ್ಕ ಹಾಕುವ ಇಂಜಿನಿಯರು. ಇಪ್ಪತ್ತಾರು ವರ್ಷದ ಅನುಭವ. ಭೂಕಂಪದ ಕೆಲಸ ಮಾಡುವ ಇಂಜಿನಿಯರುಗಳು, ವಿಜ್ಞಾನಿಗಳು ಸೇರಿದ ಒಂದು ಸಂಘಕ್ಕೆ ಈ ವರ್ಷ ಅವಳೇ ಅಧ್ಯಕ್ಷೆ. ಸಂಘದವರು ಇಪ್ಪತ್ತು ಭಾಷೆಗಳಲ್ಲಿ ಕರಪತ್ರ ತರಲು ಹೊರಟಾಗ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡದವರಿಗೆಲ್ಲ ಇಂಗ್ಲಿಷ್ ಬರುತ್ತದಲ್ಲ ಎಂದು ಒಬ್ಬ ಕೇಳಿದ. ಮಕ್ಕಳಿಗೆ ಬರುತ್ತದೆ, ಅವರ ಅಪ್ಪ ಅಮ್ಮಂದಿರಿಗೆ ಬರುವುದಿಲ್ಲ ಎಂದು ಅವಳು ಇಡೀ ಸಭೆಯ ಜೊತೆ ಜಗಳ ತೆಗೆದಳು. ಗೆದ್ದಳು.

ಗೆದ್ದ ಮೇಲೆ ಆದದ್ದು ಇಷ್ಟೇ. ಇಂಗ್ಲಿಷಿನ ಮಾತು "ಡ್ರಾಪ್, ಕವರ್, ಹೋಲ್ಡ್ ಆನ್" ಎಂದಿತ್ತು. ಇದ್ದಲ್ಲೇ ನೆಲಕ್ಕೆ ಬಗ್ಗಿ, ಗಟ್ಟಿ ಮೇಜಿನ ಕೆಳಗೆ ತಲೆ ಮರೆಸಿಕೊಂಡು, ಅಲುಗಾಟ ನಿಲ್ಲುವವರೆಗೆ ಮೇಜಿನ ಕಾಲು ಹಿಡಿದುಕೊಳ್ಳಿ ಎಂದು ಅದರ ಅರ್ಥ. ಕಂಪ್ಯೂಟರು ಡ್ರಾಪನ್ನು ನೀರಿನ ಹನಿ ಮಾಡಿತು, ಕವರನ್ನು ಹೊದಿಕೆ ಮಾಡಿತು. ಕನ್ನಡದ ಸಾಲುಗಳು ಉದ್ದವಾದವೆಂದು ಯಾರೋ ಚಿತ್ರಗಳನ್ನೂ ತೆಗೆದುಹಾಕಿದರು. ಓದಿ ಒಪ್ಪಿಗೆ ಕೊಡುವ ಕೆಲಸ ಗಿರಿಜಾಳದಾಗಿತ್ತು. ಅವಳಾಗ ವ್ಯಾಂಕೂವರಿನ ಏರ್‌ಪೋರ್ಟಿನಲ್ಲಿ ಕ್ಯೂನಲ್ಲಿ ನಿಂತಿದ್ದಳು. ಫೋನಿನಲ್ಲಿ ಕನ್ನಡದ ದುಂಡು ಅಕ್ಷರ ಕಂಡು ಎದೆ ತುಂಬಿಬಂತು. ತುಂಬಿದ ಎದೆಯಲ್ಲೇ ಒಪ್ಪಿಗೆಯ ಗುಂಡಿ ಒತ್ತಿದಳು. ಓದಲಿಲ್ಲ.

ಈಗ ಎಲ್ಲರೂ ನಗುತ್ತಿರುವಾಗ ಎದ್ದು, ಇದು ನನ್ನ ತಪ್ಪು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ನಾಳೆಯೇ ತಿದ್ದಿಸಿದರೆ ಹೊಸ ಕರಪತ್ರ ಮೂರು ವಾರದಲ್ಲಿ ಬರುತ್ತದೆ, ಆಗ ಸರಿಹೋಗುತ್ತದೆ ಎಂದುಕೊಂಡಳು. ಆದರೂ ಸುಮ್ಮನಿರಲಾಗದೆ, ಹಾಗಲ್ಲ ಕಾಕಾ, ಮೇಜಿನ ಬುಡಕ್ಕೆ ಹೋಗಿ ಕೂರಬೇಕು, ಹೊರಗೆ ಓಡಬಾರದು ಎಂದಳು.

ವೀರಭದ್ರಪ್ಪನವರ ಮುಖದಿಂದ ನಗೆ ಹೋಯಿತು.

"ಗಿರಿಜವ್ವಾ, ತೊಂಬತ್ಮೂರರಾಗ ಗಡಿ ಆಚೆ ಕಿಲ್ಲಾರಿ ಭೂಕಂಪ ಆದಾಗ ನಾ ಆಳಂದದಿಂದ ಲಾರಿ ಕಟಗೊಂಡು ಹೋಗಿದ್ದೆ. ಒಳಗಿದ್ದವರನ್ನ ನಾವು ಕಲ್ಲು ಸರಿಸಿ ತಗದೀವಿ. ಹೊರಗಿದ್ದವರು ನಮಗ ಚಾ ಕೊಟ್ಟಾರ. ಈಗ ನೀ ನನಗ ಒಳಗ ಕುಂಡ್ರು ಅಂತಿ."

ಅವರು ಕಂಡದ್ದು ಸುಳ್ಳಲ್ಲ. ಅದಕ್ಕೆ ಗಿರಿಜಾಳ ಬಳಿ ಉತ್ತರವಿತ್ತು. ಆದರೆ ಆ ಉತ್ತರ ಹೇಳಲು ಕರಪತ್ರ ಕೈಗೆ ತೆಗೆದುಕೊಳ್ಳಬೇಕಿತ್ತು, ಇದನ್ನು ಯಾರು ಬರೆದರು ಎಂಬ ಮಾತು ಬರುತ್ತಿತ್ತು. ಅಷ್ಟರಲ್ಲಿ ಯಾರೋ ತಟ್ಟೆಗೆ ರೊಟ್ಟಿ ಹಾಕಿದರು. ಮಾತು ಬೇರೆ ಕಡೆ ಹೋಯಿತು. ಕರಪತ್ರ ಹದಿನಾಲ್ಕನೇ ಮಹಡಿಯ ಫ್ರಿಜ್ಜಿನ ಮೇಲೆ ತಮಾಷೆಗೆಂದು ಅಂಟಿಕೊಂಡಿತು.

ಹತ್ತು ದಿನದ ಮೇಲೆ, ಒಂದು ಮಂಗಳವಾರ ಮಧ್ಯಾಹ್ನ, ಭೂಮಿ ನಡುಗಿತು. ನಡುಕ ಹುಟ್ಟಿದ್ದು ಪೂರ್ವಕ್ಕೆ ಬಹಳ ದೂರದಲ್ಲಿ. ಟೊರೊಂಟೊಗೆ ಬಂದು ಮುಟ್ಟಿದ್ದು ಅದರ ಬಾಲ ಮಾತ್ರ. ತೂಗುದೀಪಗಳು ಆಡಿದವು, ಕಪ್ಪಿನಲ್ಲಿದ್ದ ಕಾಫಿ ಕುಲುಕಿತು. ಬಸ್ಸಿನಲ್ಲಿದ್ದವರಿಗೆ ಗೊತ್ತೇ ಆಗಲಿಲ್ಲ. ಗಿರಿಜಾಳ ಆಫೀಸಿನಲ್ಲಿ ಇಂಜಿನಿಯರುಗಳೆಲ್ಲ ಮೇಜಿನಡಿಯಿಂದ ಎದ್ದು, ಕಂಪ್ಯೂಟರಿನ ಸುತ್ತ ನೆರೆದು, ಹಬ್ಬದ ಮುಖ ಮಾಡಿಕೊಂಡಿದ್ದರು. ಹತ್ತು ನಿಮಿಷದಲ್ಲಿ ರೇಡಿಯೋದವರು ಅವಳಿಗೆ ಫೋನ್ ಮಾಡಿದರು. ಹೆದರುವಂಥದ್ದೇನಿಲ್ಲ, ಎಲ್ಲೂ ಹಾನಿಯ ಸುದ್ದಿ ಬಂದಿಲ್ಲ, ಯಾರಿಗೂ ಏನೂ ಆಗಿಲ್ಲ ಎಂದು ಅವಳು ಚೆಂದದ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅದೇ ಹೊತ್ತಿಗೆ ಇನ್ನೊಂದು ಕರೆ ಬರುತ್ತಿತ್ತು. ರಾಜೇಶ್ವರಿಯದು. ಗಿರಿಜಾ ಎರಡು ಸಲ ಅದನ್ನು ಕಟ್ ಮಾಡಿದಳು.

ಹದಿನಾಲ್ಕನೇ ಮಹಡಿಯಲ್ಲಿ ನಡೆದದ್ದು ಹೀಗೆ. ಮಂಚದ ಮೇಲೆ, ಗೋಡೆಗೆ ವೀರಭದ್ರಪ್ಪನವರೇ ಹಲಗೆ ಬಡಿದು ಮಾಡಿದ ನಾಗೊಂದಿಗೆಯಲ್ಲಿ ಊರಿಂದ ತಂದ ಹಿತ್ತಾಳೆಯ ಕೊಡಗಳಿದ್ದವು. ಕೊಡಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಆ ಸದ್ದಿಗೆ ಅವರು ಕೆನಡಾದಲ್ಲಿ ಉಳಿಯಲಿಲ್ಲ, ಕಿಲ್ಲಾರಿಗೆ ಹೋಗಿಬಿಟ್ಟರು. ಹೆಂಡತಿಯ ಮುಂಗೈ ಹಿಡಿದು ಬಾಗಿಲು ತೆರೆದು ಮೆಟ್ಟಿಲು ಇಳಿಯತೊಡಗಿದರು. ಜಯಶೀಲಾ ರಬ್ಬರ್ ಚಪ್ಪಲಿಯಲ್ಲಿದ್ದರು. ನಿಲ್ಲಿರಿ, ನಿಂತಿದೆ, ನಡುಗುವುದು ನಿಂತಿದೆ ಎಂದು ಕೂಗುತ್ತಲೇ ಎಳೆದಲ್ಲಿ ಓಡಿದರು. ಒಂಬತ್ತನೇ ಮಹಡಿಯ ತಿರುವಿನಲ್ಲಿ ಚಪ್ಪಲಿ ಸೀರೆಯ ಅಂಚಿಗೆ ಸಿಕ್ಕಿತು.

ಭೂಮಿ ನಡುಗಿದ್ದು ಹತ್ತು ಸೆಕೆಂಡೂ ಇರಲಿಲ್ಲ. ಜಯಶೀಲಾ ಬಿದ್ದಾಗ ಅದು ನಿಂತು ಎಷ್ಟೋ ಹೊತ್ತಾಗಿತ್ತು. ನಾಗೊಂದಿಗೆಯಿಂದ ಒಂದು ಕೊಡವೂ ಬಿದ್ದಿರಲಿಲ್ಲ.

ಸೊಂಟದ ಮೂಳೆ ಮುರಿದಿತ್ತು. ರಾಡು ಹಾಕಿದರು. ಮೊದಲಿನಂತೆ ನಡೆಯುವುದು ಅನುಮಾನ ಎಂದರು. ಆಸ್ಪತ್ರೆಯ ಕಾರಿಡಾರಿನಲ್ಲಿ ರಾಜೇಶ್ವರಿ ಅಳಲಿಲ್ಲ, ಬೈಯಲೂ ಇಲ್ಲ. "ಊರಿಗೆಲ್ಲಾ ಹೇಳ್ತಿ, ಗಿರಿಜಕ್ಕ. ರೇಡಿಯೋದಾಗ ಹೇಳ್ತಿ. ನಮ್ಮ ಮನ್ಯಾಗ ಕುಂತು ಒಮ್ಮೆ ಹೇಳಲಿಲ್ಲ," ಎಂದಷ್ಟೇ ಅಂದಳು. ಮರುದಿನ ಪೇಪರಿನಲ್ಲಿ ಉರುಳಿಬಿದ್ದ ಒಂದು ತೋಟದ ಕುರ್ಚಿಯ ಚಿತ್ರ ಬಂತು. ಕೆಳಗೆ, ಭೂಕಂಪದ ಹಾನಿ ಇಷ್ಟೇ ಎಂಬ ತಮಾಷೆಯ ಸಾಲಿತ್ತು. ಗಿರಿಜಾ ಅದನ್ನು ಓದಿದಳು. ಈಗ ಅವಳು ಎಲ್ಲವನ್ನೂ ಓದುತ್ತಿದ್ದಳು.

ತಿಂಗಳಾದ ಮೇಲೆ, ಜಯಶೀಲಾ ಗಾಲಿಕುರ್ಚಿಯಲ್ಲಿ ಮನೆಗೆ ಬಂದರು. ತಿದ್ದಿದ ಕರಪತ್ರ ಹಿಡಿದುಕೊಂಡು ಗಿರಿಜಾ ಮೇಲೆ ಹೋದಳು. ಈ ಸಲ ಕಂಪ್ಯೂಟರಿಗೆ ಬಿಡದೆ ವಿದ್ವಾಂಸರೊಬ್ಬರಿಂದ ಬರೆಸಿದ್ದಳು. ಜಯಶೀಲಾ ಅದನ್ನು ಬೆಳಕಿಗೆ ಹಿಡಿದು ಓದಿದರು: ನೆಲಮಟ್ಟಕ್ಕೆ ಬಾಗಿರಿ, ಸೂಕ್ತ ಆಶ್ರಯವನ್ನು ಪಡೆಯಿರಿ, ಆಧಾರವನ್ನು ದೃಢವಾಗಿ ಅವಲಂಬಿಸಿರಿ.

"ಇದನ್ನ ಓದಿ ಮುಗಸೂದರಾಗ ಭೂಕಂಪ ಮುಗಿದಿರತದ," ಎಂದು ಕೆಂಪು ಪೆನ್ನು ಕೇಳಿದರು.

ಗಿರಿಜಾ ಪೆನ್ನು ಕೊಟ್ಟಳು. "ಕಾಕೂ, ಮೊದಲಿನ ಕಾಗದ ನಂದು. ಓದಲಾರದ ಒಪ್ಪಿಗಿ ಕೊಟ್ಟಿದ್ದೆ. ಅವತ್ತ ಎಲ್ಲಾರ ಮುಂದ ಹೇಳಾಕ ನಾಚಿಕಿ ಬಂತು."

ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ವೀರಭದ್ರಪ್ಪನವರು ತಿರುಗಲಿಲ್ಲ.

"ಗೊತ್ತದ," ಎಂದರು. "ಕೆಳಗ ಇರುವಿಯಂಥಾ ಅಕ್ಷರದಾಗ ನಿನ್ನ ಹೆಸರಿತ್ತು. ಅದನ್ನೂ ಓದೀನಿ. ನಾಕು ಮಂದ್ಯಾಗ ನಿನ್ನ ಮರ್ಯಾದಿ ಯಾಕ ತಗೀಬೇಕು ಅಂತ ಸುಮ್ಮನಾದೆ."

ಜಯಶೀಲಾ ಗಂಡನನ್ನು ನೋಡಿದರು, ಗಿರಿಜಾಳನ್ನು ನೋಡಿದರು. "ನೀವು ಆಕಿ ಮರ್ಯಾದಿ ಉಳಿಸಿದ್ರಿ. ಆಕಿ ತನ್ನ ಮರ್ಯಾದಿ ಉಳಿಸ್ಕೊಂಡಳು. ಮುರದದ್ದು ನನ್ನ ಸೊಂಟ," ಎಂದು ಮತ್ತೆ ಕಾಗದಕ್ಕೆ ತಲೆ ಬಗ್ಗಿಸಿದರು. ವಿದ್ವಾಂಸರ ಸಾಲಿನ ಮೇಲೆ ಅಡ್ಡಗೆರೆ ಎಳೆದರು. ಕೆಳಗೆ ಮೂರು ಮಾತು ಬರೆದರು.

ಬಗ್ಗು. ನುಗ್ಗು. ಹಿಡಿ.

ವೀರಭದ್ರಪ್ಪನವರು ಕಿಟಕಿಯಿಂದ ಇತ್ತ ತಿರುಗಿ ಗೌಂಡಿಯ ಪ್ರಶ್ನೆ ಕೇಳಿದರು. ಮನೆ ಅಷ್ಟು ಗಟ್ಟಿಯಿದ್ದರೆ ಅಲ್ಲಾಡಿದ್ದು ಯಾಕೆ?

"ಅಲ್ಲಾಡಲಿ ಅಂತನ ಕಟ್ಟತೇವಿ, ಕಾಕಾ. ಕಿಲ್ಲಾರ್ಯಾಗ ಕಲ್ಲಿನ ಗ್ವಾಡಿ, ಮ್ಯಾಲ ಮಣ್ಣಿನ ಮಾಳಗಿ. ಒಂದಕ್ಕೊಂದು ಬಿಗದಿರಲಿಲ್ಲ. ಅದಕ್ಕ ಕುಸೀತು. ಇಲ್ಲಿ ಕಬ್ಬಿಣ, ಕಾಂಕ್ರೀಟು ಒಂದಕ್ಕೊಂದು ಹೆಣದೈತಿ. ನೀವು ನೋಡಿದ್ದು ಖರೇ ಐತಿ. ಮನಿ ಬ್ಯಾರೆ."

ಇಂಥ ಮನೆಯಲ್ಲಿ ಕೊಲ್ಲುವುದು ಚಾವಣಿಗಿಂತ ಹೆಚ್ಚಾಗಿ ತಲೆಯ ಮೇಲೆ ಬೀಳುವ ಕಪಾಟು, ಟೀವಿ, ಒಡೆದ ಗಾಜು ಎಂದು ಅವಳು ವಿವರಿಸಿದಳು. ಹೊರಬಾಗಿಲಿನ ಮೇಲಿಂದ ಕಳಚುವ ಇಟ್ಟಿಗೆಯೂ ಕೊಲ್ಲುತ್ತದೆ. ಮೆಟ್ಟಿಲ ಮೇಲೆ ಓಡುವುದೂ ಕೊಲ್ಲುತ್ತದೆ. ಅಲುಗಾಟ ಪೂರ್ತಿ ನಿಂತ ಮೇಲೆ, ಗಟ್ಟಿ ಬೂಟು ಹಾಕಿಕೊಂಡು, ಸಾವಕಾಶ ಇಳಿಯಬೇಕು, ಲಿಫ್ಟು ಹತ್ತಬಾರದು. ವೀರಭದ್ರಪ್ಪನವರು ಕಂಬ ಎಷ್ಟು ದಪ್ಪ, ಕಂಬಿ ಎಷ್ಟು ಎಂದೆಲ್ಲ ಕೇಳಿದರು. ಕೇಳಿ ಮುಗಿದ ಮೇಲೆ, "ಇದನ್ನ ಅವತ್ತ ಹೇಳಬೇಕಾಗಿತ್ತು," ಎಂದರು.

"ಹೌದು, ಕಾಕಾ."

ಅವರು ಎದ್ದು ಮಂಚದ ಮೇಲಿನ ನಾಗೊಂದಿಗೆಯಿಂದ ಕೊಡಗಳನ್ನು ಒಂದೊಂದಾಗಿ ಇಳಿಸಿ ನೆಲಕ್ಕಿಟ್ಟರು. ಹಲಗೆಯನ್ನೂ ಕಿತ್ತರು. ಗೋಡೆಯಲ್ಲಿ ನಾಲ್ಕು ತೂತು ಉಳಿದವು.

ಮುಂದಿನ ಶನಿವಾರದ ಕೂಟದಲ್ಲಿ ಗಿರಿಜಾ ಊಟಕ್ಕೆ ಮೊದಲೇ ಎದ್ದು ನಿಂತಳು. ಮೊದಲಿನ ಕರಪತ್ರ ನನ್ನದು, ಓದದೆ ಒಪ್ಪಿದ್ದೆ ಎಂದಳು. ಯಾರೂ ಸಮಾಧಾನ ಹೇಳಲಿಲ್ಲ, ಅದು ಒಳ್ಳೆಯದೇ ಆಯಿತು. ಆಮೇಲೆ ವೀರಭದ್ರಪ್ಪನವರು ಕೋಟು ತೆಗೆದು ಕುರ್ಚಿಗೆ ಹಾಕಿ, ಊಟದ ಮೇಜಿನ ಪಕ್ಕ ಮಂಡಿಯೂರಿದರು. ಮಂಡಿ ಲಟಕ್ಕೆಂದಿತು. ಭರತೇಶ ತೋಳು ಹಿಡಿದ. ಅವರು ತೆವಳಿ ಒಳಗೆ ನುಗ್ಗಿ, ಒಂದು ಕೈಯಲ್ಲಿ ಕತ್ತು ಮುಚ್ಚಿ, ಇನ್ನೊಂದರಲ್ಲಿ ಮೇಜಿನ ಕಾಲು ಹಿಡಿದರು. ಜಯಶೀಲಾ ಗಾಲಿಕುರ್ಚಿಯ ಬ್ರೇಕು ಹಾಕಿ, ಮುಂದಕ್ಕೆ ಬಗ್ಗಿ, ಎರಡೂ ಕೈಯಿಂದ ತಲೆ, ಕತ್ತು ಮುಚ್ಚಿಕೊಂಡರು. ರಾಜೇಶ್ವರಿ ಗಡಿಯಾರ ನೋಡುತ್ತ ಮೂವತ್ತು ಸೆಕೆಂಡು ಎಣಿಸಿದಳು. ಆ ಮೂವತ್ತು ಸೆಕೆಂಡಿನಲ್ಲಿ ಯಾರೂ ನಗಲಿಲ್ಲ. ಮೇಜಿನ ಕೆಳಗಿಂದ ಅವರ ಉಸಿರು ಎಲ್ಲರಿಗೂ ಕೇಳಿಸುತ್ತಿತ್ತು.

ಓದುತ್ತಿರುವ ನೀವೂ ಈಗಲೇ ಒಮ್ಮೆ ಎದ್ದೇಳಿ. ನಿಮ್ಮ ಮನೆಯ ಯಾವ ಮೇಜು ಗಟ್ಟಿಯಿದೆ ನೋಡಿ. ಮನೆಮಂದಿಯೆಲ್ಲ ಬಗ್ಗಿ, ನುಗ್ಗಿ, ಹಿಡಿದು ನೋಡಿ. ಮಂಚದಲ್ಲಿ ಮಲಗಿದವರು ಅಲ್ಲೇ ಬೋರಲಾಗಿ ದಿಂಬಿನಿಂದ ತಲೆ, ಕತ್ತು ಮುಚ್ಚಿಕೊಳ್ಳಲಿ. ಮಲಗುವ ಜಾಗದ ಮೇಲೆ ಭಾರದ ಸಾಮಾನು ಇಡಬೇಡಿ, ಎತ್ತರದ ಕಪಾಟನ್ನು ಗೋಡೆಗೆ ಬಿಗಿಯಿರಿ. ಊರಿನ ಕಲ್ಲುಮಣ್ಣಿನ ಮನೆ ಕಲಿಸಿದ ಪಾಠವನ್ನು ಇಲ್ಲಿಯ ಹದಿನಾಲ್ಕನೇ ಮಹಡಿಗೆ ತರಬೇಡಿ. ಅಪ್ಪ ಅಮ್ಮನಿಗೆ ಕಾಗದ ಕೊಟ್ಟು ಕೆಲಸಕ್ಕೆ ಹೋಗಬೇಡಿ. ಪಕ್ಕದಲ್ಲಿ ಕೂತು, ಅವರ ಮಾತಿನಲ್ಲಿ ಹೇಳಿ, ಮಾಡಿಸಿ ನೋಡಿ.

ನೀವು ಓದುತ್ತಿರುವ ಈ ಕಥೆಯೇ ಹೊಸ ಕರಪತ್ರ, ಇದರ ಕೊನೆಯಲ್ಲೂ ಗಿರಿಜಾಳ ಹೆಸರಿದೆ. ಈ ಸಲ ದೊಡ್ಡ ಅಕ್ಷರದಲ್ಲಿದೆ, ಈ ಸಲ ಅವಳು ಓದಿದ್ದಾಳೆ. ನೀವೂ ಓದಿ. ತಪ್ಪು ಕಂಡರೆ ಅವಳ ಮರ್ಯಾದೆ ಉಳಿಸಬೇಡಿ. ನಾಲ್ಕು ಮಂದಿಯ ಎದುರಿಗೇ ಹೇಳಿ.