ಅಮೋಘಿ ಮಾಸ್ತರನ ಕಡೆಯ ಲಗ್ನಪತ್ರಿಕೆ

"ಆ ಗಂಟು ಬಿಚ್ಚಬ್ಯಾಡ್ರಿ ಬಾವಾರ" ಎಂದು ಬೋರವ್ವ ಹೇಳುವಷ್ಟರಲ್ಲಿ ಯಲಗೂರಪ್ಪ ಅದನ್ನು ಬಿಚ್ಚಿಯಾಗಿತ್ತು. ತೀರಿಹೋದ ತಮ್ಮನಿಗೆ ಹೊದಿಸಲು ಹೊಸ ಧೋತರವೊಂದನ್ನು ಹುಡುಕುತ್ತ ಅವನು ಟ್ರಂಕಿನ ತಳದವರೆಗೂ ಕೈ ಹಾಕಿದ್ದ. ಸಿಕ್ಕಿದ್ದು ಧೋತರವಲ್ಲ, ಹಳೆಯ ಬಟ್ಟೆಯಲ್ಲಿ ಬಿಗಿದು ಕಟ್ಟಿಟ್ಟ ಲಗ್ನಪತ್ರಿಕೆಗಳು. ಮೇಲಿನದೊಂದನ್ನು ತೆಗೆದು ಬಾಗಿಲಿನ ಬೆಳಕಿಗೆ ಹಿಡಿದ. ಅವನ ಮುಖ ಕಪ್ಪಿಟ್ಟಿತು.

ಮಗಳ ಮದುವೆಗೆಂದು ತಮ್ಮ ತಾನೇ ಕಟ್ಟಿಗೆಯಲ್ಲಿ ಕೊರೆದು ಅಚ್ಚು ಹಾಕಿಸಿದ್ದ, ಅಕ್ಷರ ಕಡಿಮೆ, ಚಿತ್ರ ಹೆಚ್ಚು ಇದ್ದ ಪತ್ರಿಕೆ ಅದು. ತಮ್ಮೂರು ತಿಕೋಟಾಕ್ಕೆ ಬರುವ ದಾರಿ, ದಾರಿಯ ಬಾವಿ, ಬೇವಿನ ಮರ, ಬೀರದೇವರ ಗುಡಿ. ಗುಡಿಯ ಮೇಲೆ, ಮದುವೆಯ ದಿನ ಎಷ್ಟು ಕಾಣಬೇಕೋ ಅಷ್ಟೇ ಚಂದ್ರ. ನಡುವೆ ಹಂದರ, ಹಂದರದಲ್ಲಿ ಮದುಮಕ್ಕಳು. ವರನ ಪಕ್ಕದಲ್ಲಿ ಅವನ ತಂದೆ ತಾಯಿ ಇಬ್ಬರೂ ಇದ್ದರು. ವಧುವಿನ ಪಕ್ಕದಲ್ಲಿ ತಾಯಿ ಒಬ್ಬಳೇ ನಿಂತು, ಕೈತುಂಬ ಬಳೆ ಇಟ್ಟುಕೊಂಡು, ಮಗಳ ಕೈ ಹಿಡಿದು ಧಾರೆ ಎರೆಯುತ್ತಿದ್ದಳು. ತಂದೆ ನಿಲ್ಲಬೇಕಾದ ಜಾಗದಲ್ಲಿ ಬರಿಯ ಕಾಗದವಿತ್ತು.

"ಏನವಾ ಇದು ಬೋರವ್ವಾ? ತನ್ನನ್ನ ತಾನ ಬಿಟ್ಟು ಕೊರದಾನಲ್ಲ ಇಂವ!"

"ನನಗ ಗೊತ್ತೈತ್ರಿ. ಅದಕ್ಕ ಕಟ್ಟಿ ಇಟ್ಟಿದ್ನಿ."

"ಜೀವ ಇರೂ ಮನಶ್ಯಾ ಇಂಥಾದ್ದು ಮಾಡ್ತಾನೇನು? ಅಪಶಕುನ! ಸಾರವಾಡದ ಬೀಗರು ಇನ್ನೇನು ಬರ್ತಾರ. ಅವರ ಕಣ್ಣಿಗೆ ಬಿತ್ತಂದ್ರ ಮುಗೀತು. ಹುಡುಗಿ ಕಾಲಗುಣ ಅಂದು ಸಂಬಂಧಾನ ಬ್ಯಾಡ ಅಂತಾರ."

ಪಡಸಾಲೆಯಲ್ಲಿ ಅಮೋಘಿ ಮಾಸ್ತರನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ಬೀರದೇವರ ಅರಿಸಿನದ ಭಂಡಾರ ಬಳಿದಿದ್ದರು. ಬದುಕಿದ್ದಾಗ ಒಂದು ಕಡೆ ಕೂತವನಲ್ಲ. ಈಗ ಕೂಡಿಸಿದವರು ಕೂಡಿಸಿದಂತೆ ಕೂತಿದ್ದ. ಅವನ ಕಾಲ ಬಳಿ ಕೂತಿದ್ದ ಸೋದರತ್ತೆ ರಾಚವ್ವ ಕಣ್ಣೊರೆಸಿಕೊಂಡು ಇತ್ತ ತಿರುಗಿದಳು.

"ಹರದು ಒಗೀರಿ ಅದನ್ನ. ಸೂತಕ ಕಳದ ಮ್ಯಾಲ ಬ್ಯಾರೆ ಛಾಪಸಿದ್ರಾತು. ಯಲಗೂರಾ, ನೀನೂ ನಿನ್ನ ಹೇಣ್ತಿ ಕುಂತು ಧಾರಿ ಎರೀರಿ. ಇಕಿ ಹೆಂಗೂ ಇನ್ನ ಮುಂದ ಬರಾಂಗಿಲ್ಲ."

ರಾಚವ್ವ ಕೆಟ್ಟವಳಲ್ಲ. ಲೋಕರೂಢಿ ಹೇಳಿದಳು, ಅಷ್ಟೇ. ಆದರೆ ಆ ಮಾತು ಬೋರವ್ವನಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು. ಗಂಡ ಹೋಗಿದ್ದು ಬೆಳಗಿನ ಜಾವಕ್ಕೆ. ಮಧ್ಯಾಹ್ನವಾಗುವುದರೊಳಗೆ ಮಗಳ ಮದುವೆಯೂ ಕೈಬಿಟ್ಟು ಹೊರಟಿತ್ತು. ಇದ್ದವಳು ಒಬ್ಬಳೇ ಮಗಳು, ಮಲಕವ್ವ. ಅವಳ ಕೈಯನ್ನು ಇನ್ನಾರೋ ಹಿಡಿಯುವರು. ಹೆತ್ತವಳು ಒಳಮನೆಯ ಕತ್ತಲಲ್ಲಿ ಕೂತು, ವಾಲಗದ ಸದ್ದು ಕೇಳಿ, ಈಗ ಅಕ್ಕಿಕಾಳು ಬಿದ್ದವು ಎಂದು ತಿಳಿದುಕೊಳ್ಳಬೇಕು. ಬೋರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

* * *

ಮಧ್ಯಾಹ್ನದ ಮೋಟಾರಿಗೆ ಇಬ್ಬರು ಬಂದರು. ಒಬ್ಬ ವಿಜಾಪುರದ ಕಾಸಿಮಸಾಬ. ಕಾಲಿನಿಂದ ತುಳಿಯುವ ಮಷೀನಿಟ್ಟುಕೊಂಡು ಸಣ್ಣ ಛಾಪಖಾನೆ ನಡೆಸುತ್ತಿದ್ದವನು. ಮಾಸ್ತರನ ಪತ್ರಿಕೆಗಳೆಲ್ಲ ಅಚ್ಚಾಗಿದ್ದು ಅವನಲ್ಲೇ. ಇನ್ನೊಬ್ಬ ಸಾರವಾಡದ ಬೀರಣ್ಣ, ವರನ ತಂದೆ. ಕುರಿ ಮೇಯಿಸಿಯೇ ಮುದುಕನಾದವನು. ಮೊದಲೇ ಮಾತು ಕಡಿಮೆ. ಸಾವಿನ ಮನೆಯೆಂದು ಹೊಸ್ತಿಲಲ್ಲೇ ತಲೆಗೆ ಸುತ್ತಿದ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಬೀಗನ ಮುಖವನ್ನು ಬಹಳ ಹೊತ್ತು ನೋಡಿ, ಹೋಗಿ ಗೋಡೆಯ ಬದಿಗೆ ಕೂತ.

ಬೋರವ್ವ ಅಳುತ್ತಲೇ ಅವನನ್ನು ಕದ್ದು ನೋಡಿದಳು. ಗಂಡನ ಹೆಣ ಮುಂದಿಟ್ಟುಕೊಂಡು ಬೀಗನ ಮುಖ ಓದುತ್ತಿದ್ದೇನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ನೋಡದೆ ಇರಲೂ ಆಗಲಿಲ್ಲ. ಆ ಮುಖದಲ್ಲಿ ಏನೂ ಕಾಣಲಿಲ್ಲ.

ಹೂಳುವ ಕುಣಿ ತೋಡಿದ ಸುದ್ದಿ ಇನ್ನೂ ಹೊಲದಿಂದ ಬಂದಿರಲಿಲ್ಲ. ಕಾಯುವ ಹೊತ್ತಿನಲ್ಲಿ ಸತ್ತವನ ಮಾತು ಬಂದೇ ಬರುತ್ತದೆ.

"ದೊಡ್ಡ ದೊಡ್ಡ ಸಾವಕಾರರು ಬಂದು ಕೇಳಿದ್ರು, ನಮಗೂ ಒಂದು ಪತ್ರಿಕಿ ಕೊರದು ಕೊಡು ಅಂತ" ಎಂದ ಕಾಸಿಮಸಾಬ. "ಮಾಸ್ತರ ಒಲ್ಲೆ ಅಂದಾ. ಅವರ ಮನಿಗೆ ಹೋಗೂ ದಾರಿ ನನಗ ಗೊತ್ತಿಲ್ಲ, ಗೊತ್ತಿರದ ದಾರಿ ಹ್ಯಾಂಗ ಕೊರೀಲಿ ಅಂದಾ. ಬರೇ ಬಳಗದವರಿಗೆ, ಗೆಳ್ಯಾರಿಗೆ."

"ನನ್ನ ಲಗ್ನದ್ದ ಮೊದಲನೇದು" ಎಂದ ಯಲಗೂರಪ್ಪ.

"ಹೌದಲ್ಲ! ಆ ಚಂದ್ರ!"

ಆ ಕತೆ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಕಾಸಿಮಸಾಬ ಹೇಳಿದ, ಎಲ್ಲರೂ ಕೇಳಿದರು. ಅಮೋಘಿ ಆಗ ತಾನೇ ವಿಜಾಪುರದ ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ. ಕುರಿಯ ಹಿಂದೆ ಅಲೆಯುವ ಬಳಗಕ್ಕೆ ಅಕ್ಷರ ಬಾರದು, ಆದರೆ ಆಕಾಶ ಓದಲು ಬರುತ್ತದೆ ಎಂದುಕೊಂಡು, ತಿಥಿಯ ಬದಲು ಸಪ್ತಮಿಯ ಅರ್ಧ ಚಂದ್ರನನ್ನು ಕಟ್ಟಿಗೆಯಲ್ಲಿ ಕೊರೆದ. ಕೊರೆದದ್ದು ಅಚ್ಚಿನಲ್ಲಿ ಎಡಬಲವಾಗುತ್ತದೆ ಎಂಬುದು ಹುಮ್ಮಸ್ಸಿನಲ್ಲಿ ಮರೆತುಹೋಯಿತು. ಬೆಳೆಯುವ ಚಂದ್ರ ಹೋಗಿ ಸವೆಯುವ ಚಂದ್ರನಾದ. ಅರ್ಧ ಬಳಗ ಬಂದಿದ್ದು ಮದುವೆ ಮುಗಿದ ಮೇಲೆ, ಕತ್ತಲ ಪಕ್ಷದಲ್ಲಿ. ಡೊಳ್ಳು ಹೊತ್ತುಕೊಂಡು ಬಂದವರು ಬರಿಯ ಅಂಗಳ ನೋಡಿ ಕಣ್ಣು ಕಣ್ಣು ಬಿಟ್ಟರು.

"ಬಂದವರು ಅಂದ್ರು: ಪತ್ರಿಕ್ಯಾಗ ಹಂದರ ಐತಿ, ಮದುಮಕ್ಕಳು ಅದಾರ, ಎಲ್ಲಿ ತೋರ್ಸ್ರಿ?" ಕಾಸಿಮಸಾಬ ಯಲಗೂರಪ್ಪನತ್ತ ನೋಡಿದ. "ಆಮ್ಯಾಲೇನು, ಮತ್ತ ಹಂದರ ಹಾಕಿ, ಇವನಿಗೆ ಮತ್ತ ಬಾಸಿಂಗ ಕಟ್ಟಿ ಕುಂದ್ರಸಿದ್ರು. ಒಂದ ಹೇಣ್ತಿನ್ನ ಎರಡ ಸಲ ಲಗ್ನಾದಾಂವ ಈ ಸೀಮ್ಯಾಗ ಇಂವ ಒಬ್ಬನ!"

ಯಲಗೂರಪ್ಪ ನಕ್ಕ. ನಗುತ್ತಿದ್ದಂತೆಯೇ ಅದು ಅಳುವಾಯಿತು. "ಲೇ ಅಮೋಘೀ, ನಾ ಹಿರ್ಯಾಂವ ಇದ್ದೆನಲ್ಲೋ!" ಎಂದು ತಮ್ಮನ ಮೊಣಕಾಲು ಹಿಡಿದುಕೊಂಡ. ಒಳಗಿನಿಂದ ಮಲಕವ್ವನ ಬಿಕ್ಕು ಕೇಳಿಸಿತು.

ಅಳು ತಗ್ಗಿದ ಮೇಲೆ ಬೀರಣ್ಣ ಮೊದಲ ಸಲ ಬಾಯಿ ತೆರೆದ.

"ನಮ್ಮ ಹುಡುಗನ ಪತ್ರಿಕಿ? ಅದು ಆಗಿತ್ತೇನು?"

ಬೋರವ್ವ ಭಾವನತ್ತ ನೋಡಿದಳು.

"ಇಲ್ರಿ ಬೀಗರ" ಎಂದುಬಿಟ್ಟ ಯಲಗೂರಪ್ಪ. "ಕೈ ಹಚ್ಚಿರಲಿಲ್ಲ."

ಆ ಪತ್ರಿಕೆಗಳನ್ನು ತನ್ನ ಕೈಯಾರೆ ಅಚ್ಚು ಹಾಕಿಕೊಟ್ಟಿದ್ದ ಕಾಸಿಮಸಾಬ ನೆಲ ನೋಡಿದ.

* * *

ಅಮೋಘಿ ಕೈ ಹಚ್ಚಿದ್ದ. ಆ ಕೈ ನಡುಗುತ್ತಿತ್ತು ಎಂಬುದಷ್ಟೇ ನಿಜ.

ಚೀನಾ ಯುದ್ಧ ಮುಗಿದ ಮರುವರ್ಷದ ಚಳಿಗಾಲ. ದೊಡ್ಡ ದವಾಖಾನೆಯವರು ಎದೆಯ ಫೋಟೋ ತೆಗೆದು, ಮನೆಗೆ ಕರೆದುಕೊಂಡು ಹೋಗಿ, ಚೆನ್ನಾಗಿ ಉಣಿಸಿ ಎಂದಿದ್ದರು. ಆ ಮಾತಿನ ಅರ್ಥ ಗಂಡ ಹೆಂಡತಿ ಇಬ್ಬರಿಗೂ ತಿಳಿದಿತ್ತು, ಇಬ್ಬರೂ ಆಡಿರಲಿಲ್ಲ. ಅಂಗಳದ ಬಿಸಿಲಲ್ಲಿ ಕಂಬಳಿ ಹೊದ್ದು ಕೂತು ಅಮೋಘಿ ಕೊರೆಯುತ್ತಿದ್ದ. ಎರಡು ಗೆರೆ ಎಳೆದರೆ ಒಂದು ಕೆಮ್ಮು. ಬೋರವ್ವ ಜೋಳ ಹಸನು ಮಾಡುತ್ತ ಒಂದು ಕಣ್ಣು ಅತ್ತ ಇಟ್ಟಿದ್ದಳು.

"ಇಲ್ಲಿ ನಿಮ್ಮ ಜಾಗಾ ಖಾಲಿ ಬಿಟ್ಟೀರಿ."

"ಹೂಂ."

"ಕೊರೀರಿ ಮತ್ತ."

"ಇಲ್ಲದಾಂವನ್ನ ಕೊರದ್ರ ಮಂದಿ ಹಂದರದಾಗ ಹುಡಿಕ್ಯಾಡ್ತಾರ."

ಅವಳು ಮೊರವನ್ನು ನೆಲಕ್ಕೆ ಕುಕ್ಕಿದಳು. ಜೋಳ ಅಂಗಳ ತುಂಬ ಚೆಲ್ಲಿತು. "ಏನ ಮಾತಾಡ್ತೀರಿ! ನಿಮ್ಮ ಸಾವು ನೀವ ಊರಿಗೆಲ್ಲಾ ಹಂಚಾವರೇನು?"

ಅಮೋಘಿ ಉಳಿಯನ್ನು ಕೆಳಗಿಟ್ಟ. ಕೆಮ್ಮು ಇಳಿದ ಮೇಲೆ ಮೆಲ್ಲಗೆ ಹೇಳಿದ.

"ಕೇಳಿಲ್ಲಿ. ನಾ ಹ್ವಾದ ಮ್ಯಾಲ ಅಣ್ಣ ಒಳ್ಳೇ ಮನಸಿಲೆ ಅಂತಾನ, ನಾ ಎರೀತೇನಿ ಧಾರಿ ಅಂತ. ನೀನೂ ತಲಿ ಬಗ್ಗಿಸಿ ಒಳಗ ಹೋಗ್ತಿ. ನನಗ ಗೊತ್ತಿಲ್ಲೇನು ನಿನ್ನ? ನಮ್ಮ ಮಂದಿ ಹೇಳಿದ ಮಾತು ಮೀರ್ತಾರ, ಚಿತ್ರ ಮೀರೂದಿಲ್ಲ. ತಪ್ಪ ಚಂದ್ರನ್ನ ನಂಬಿ ಬಂದು ಅಣ್ಣಗ ಎರಡ ಸಲ ಲಗ್ನಾ ಮಾಡಿಸಿದ ಮಂದಿ ಇದು. ಹಂದರದಾಗ ನಿನ್ನ ನಿಂದರಸಿದ್ರ, ಎಲ್ಲಿ ಅಕಿ ಅಂತ ಕೇಳ್ತಾರ."

"ನನಗ ಬ್ಯಾಡ. ನೀವಿಲ್ಲದ ಪತ್ರಿಕಿ ನಾ ಒಂದೂ ಹಂಚಾಂಗಿಲ್ಲ."

ಅವನು ಮತ್ತೆ ಉಳಿ ಎತ್ತಿಕೊಂಡು ಅವಳ ಬಳೆ ಕೊರೆಯತೊಡಗಿದ. ಒಂದೊಂದೇ ಸಣ್ಣ ಬಳೆ, ಎರಡೂ ಕೈಗೆ. ಅಷ್ಟು ಹೊತ್ತು ಯಾವ ಚಿತ್ರಕ್ಕೂ ಅವನು ಕೂತದ್ದನ್ನು ಅವಳು ಕಂಡಿರಲಿಲ್ಲ. ಪತ್ರಿಕೆ ಅಚ್ಚಾಗಿ ಬಂದ ದಿನ ಬೋರವ್ವ ಅವನೆದುರಿಗೇ ಗಂಟು ಕಟ್ಟಿ ಟ್ರಂಕಿಗೆ ಹಾಕಿ ಬೀಗ ಜಡಿದಳು. ಹಂಚದಿದ್ದರೆ ಸಾವು ಬಾರದು ಎಂದು ನಂಬಿದ್ದಳೋ ಏನೋ. ಅವನು ಮಲಗಿದಲ್ಲಿಂದಲೇ ನೋಡಿದ. ಏನೂ ಅನ್ನಲಿಲ್ಲ. ಅದೇ ಈಗ ಅವಳನ್ನು ಹೆಚ್ಚು ಸುಡುತ್ತಿತ್ತು.

* * *

ಹೊಲದ ಬದುವಿನಲ್ಲಿ, ಮಾಸ್ತರನ ಅವ್ವ ಅಪ್ಪನನ್ನು ಹೂಳಿದ್ದ ಜಾಗದ ಮಗ್ಗುಲಲ್ಲಿ ಕುಣಿ ತೋಡಿದ್ದರು. ಗಂಡಸರೆಲ್ಲ ರುಮಾಲು, ಟೊಪ್ಪಿಗೆ ತೆಗೆದು ಬರಿದಲೆಯಲ್ಲಿ ನಿಂತಿದ್ದರು. ರಾಚವ್ವ ಬೋರವ್ವನನ್ನು ಒಂದು ಕಲ್ಲಿನ ಹತ್ತಿರ ಕೂಡಿಸಿ ಹಣೆ ಒರೆಸಿದಳು, ತಾಳಿ ಬಿಚ್ಚಿದಳು, ಕೈಗಳನ್ನು ಕಲ್ಲಿಗೆ ಒತ್ತಿದಳು. ಮಗಳ ಮದುವೆಗೆಂದು ಇಟ್ಟುಕೊಂಡ ಹಸಿರು ಬಳೆಗಳು. "ತಡಕೋಬೇ ನನ್ನವ್ವಾ" ಎಂದು ರಾಚವ್ವ ತಾನೇ ಅತ್ತಳು. ಬಳೆ ಒಡೆಯುವಾಗ ಬೋರವ್ವ ಚೀರಲಿಲ್ಲ. ಚಿತ್ರದಲ್ಲಿ ತನ್ನ ಬಳೆಗಳನ್ನು ಒಂದೊಂದಾಗಿ ಕೊರೆದವನ ಕೈ ಎಷ್ಟು ನಡುಗಿತ್ತು ಎಂಬುದೇ ಅವಳ ಕಣ್ಣೆದುರಿಗಿತ್ತು.

ಮಾಸ್ತರನನ್ನು ಕುಣಿಯಲ್ಲಿ ಕೂಡಿಸಿದರು. ಭಂಡಾರ ಎರಚಿದರು. ಬೀರಣ್ಣ ಮೊದಲ ಹಿಡಿ ಮಣ್ಣು ಎತ್ತಿಕೊಂಡಾಗ ಯಲಗೂರಪ್ಪ ಕಂಬಳಿಯೊಳಗಿಂದ ಬಟ್ಟೆಯ ಗಂಟನ್ನು ತೆಗೆದ.

"ಅವನ ಕೈಯಾನ ಕಡೀ ಕೆಲಸ" ಎಂದ, ಯಾರ ಮುಖವನ್ನೂ ನೋಡದೆ. "ಅವನ ಜೋಡೀನ ಹೋಗ್ಲಿ."

"ನಿಲ್ರಿ ಬಾವಾರ."

ಎಲ್ಲರೂ ತಿರುಗಿ ನೋಡಿದರು. ಭಾವನೆದುರು ಎಂದೂ ದನಿಯೆತ್ತದ ಬೋರವ್ವ ಎದ್ದು ಬರುತ್ತಿದ್ದಳು. ಮಣಿಕಟ್ಟಿನಲ್ಲಿ ಬಳೆಯ ಚೂರು ತಾಗಿ ಸಣ್ಣಗೆ ರಕ್ತ ಜಿನುಗುತ್ತಿತ್ತು. ಕುಣಿಯ ಅಂಚಿಗೆ ಬಂದು ಗಂಟಿಗೆ ಕೈ ಹಾಕಿದಳು.

"ಬಿಡವಾ. ಮುಂಡಿ ಆದ ದಿನಾನ ಲಗ್ನದ ಪತ್ರಿಕಿ ಮುಟ್ತಾರೇನು?" ಯಲಗೂರಪ್ಪನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. "ಬೀಗರ ಮುಂದ ಮಾನಾ ಕಳೀಬ್ಯಾಡ."

"ಅವರು ಇದ್ದಾಗ ನಾ ಹಂಚಲಿಲ್ರಿ. ತಪ್ಪ ಮಾಡಿದ್ನಿ. ಈಗ ಹುಗಿಯಾಕ ಬಿಡೂದಿಲ್ಲ."

ಗಂಟು ಅವಳ ಕೈಗೆ ಬಂತು. ಒಂದು ಪತ್ರಿಕೆ ಎಳೆದುಕೊಂಡಳು. ಮೂಲೆಗೆ ಹಚ್ಚಲು ಕುಂಕುಮವಿರಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಭಂಡಾರವನ್ನು ಚಿಟಿಕೆಯಲ್ಲಿ ತೆಗೆದು ನಾಲ್ಕೂ ಮೂಲೆಗೆ ಹಚ್ಚಿದಳು. ಹೆಂಗಸರ ನಡುವಿನಿಂದ ಯಾರೋ "ಶಿವಶಿವಾ" ಎಂದರು. ಬೋರವ್ವ ಬೀರಣ್ಣನ ಎದುರಿಗೆ ಹೋಗಿ ನಿಂತು ಬಳೆಯಿಲ್ಲದ ಕೈಗಳಲ್ಲಿ ಪತ್ರಿಕೆಯನ್ನು ಚಾಚಿದಳು.

"ಬೀಗರ, ನನ್ನ ಮಗಳ ಲಗ್ನ ಐತ್ರಿ. ಧಾರಿ ನಾ ಎರೀತೇನಿ. ಮನಿ ಮಂದೆಲ್ಲಾ ಕೂಡಿ ಬರ್ರಿ."

ಬೀರಣ್ಣ ಪತ್ರಿಕೆಯನ್ನು ನೋಡಿದ. ದಾರಿ ನೋಡಿದ, ಚಂದ್ರನನ್ನು ನೋಡಿದ, ಹಂದರದಲ್ಲಿ ಒಬ್ಬಳೇ ನಿಂತ ಹೆಂಗಸನ್ನು ನೋಡಿದ. ಕುಣಿಯೊಳಗೆ ಕೂತ ಬೀಗನನ್ನೊಮ್ಮೆ ನೋಡಿದ. ಅವನು ಕೈ ಚಾಚಲಿಲ್ಲ.

"ತಡಿಯವಾ ತಂಗಿ" ಎಂದ. "ಲಗ್ನದ ಪತ್ರಿಕಿ ಬರೇ ತಲೀಲೆ ತಗೋಬಾರದು."

ಮುಷ್ಟಿಯಲ್ಲಿದ್ದ ಮಣ್ಣನ್ನು ಬದುವಿನ ಮೇಲಿಟ್ಟು, ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಕಂಕುಳಿನ ರುಮಾಲು ತೆಗೆದು ಒದರಿ, ಸತ್ತವನ ಕುಣಿಯ ಮುಂದೆ ನಿಂತೇ ತಲೆಗೆ ಸುತ್ತತೊಡಗಿದ. ಉದ್ದನೆಯ ರುಮಾಲು. ಸುತ್ತಿ ಮುಗಿಯಲು ಹೊತ್ತು ಹಿಡಿಯಿತು. ಆಮೇಲೆ ಎರಡೂ ಕೈಯಲ್ಲಿ ಪತ್ರಿಕೆ ಹಿಡಿದು ಕಣ್ಣಿಗೆ ಒತ್ತಿಕೊಂಡ.

ಕಾಸಿಮಸಾಬ ಟೊಪ್ಪಿಗೆ ಹಾಕಿಕೊಂಡು ತನ್ನ ಪತ್ರಿಕೆಗಾಗಿ ಅವನ ಹಿಂದೆ ಬಂದು ನಿಂತ. ಅವನ ಹಿಂದೆ ಮತ್ತೊಬ್ಬ ನಿಂತ. ಯಲಗೂರಪ್ಪ ತನ್ನ ರುಮಾಲನ್ನು ಎಲ್ಲಿಟ್ಟೆನೆಂದು, ಕಣ್ಣೊರೆಸಿಕೊಳ್ಳುತ್ತ, ಬದುವಿನುದ್ದಕ್ಕೂ ಹುಡುಕುತ್ತಿದ್ದ.