ನಾವು ಅಷ್ಟು ವೇಗವಾಗಿ ನುಡಿಸಿರಲಿಲ್ಲ

ಕಂಪ್ಯೂಟರ್ ಪರದೆಯ ಕೆಳತುದಿಯಲ್ಲಿ ಆ ತೆಳು ಹಸಿರು ಗೆರೆ, ಐವತ್ತರಲ್ಲಿ ಇರಬೇಕಾದದ್ದು ಐವತ್ತನಾಲ್ಕರಲ್ಲಿ ಕೂತಿದೆ, ಹಳೇ ಟೇಪಿನೊಳಗೆ ಸೇರಿಕೊಂಡ ಗೋಡೆಯ ಕರೆಂಟಿನ ಗುಂಯ್ ಎನ್ನುವ ಸದ್ದು ಅದು, ಸೆಕೆಂಡಿಗೆ ಐವತ್ತು ಸಲ, ಆಗಲೂ ಅಷ್ಟೇ ಈಗಲೂ ಅಷ್ಟೇ, ಅದು ಸುಳ್ಳು ಹೇಳುವುದಿಲ್ಲ, ಸುಳ್ಳು ಹೇಳಿದ್ದು ನಮ್ಮ ಕ್ಯಾಸೆಟ್ಟು, ಅದಕ್ಕಿಂತ ಮೊದಲು ನಾನು — ಶೇಕಡ ಎಂಟರಷ್ಟು, ಮೂವತ್ತು ವರ್ಷ. ಪಕ್ಕದ ಕುರ್ಚಿಯಲ್ಲಿ ಅಕ್ಕ, ಕತ್ತಿಗೆ ಸ್ಕಾರ್ಫು, ತೊಡೆಯ ಮೇಲೆ ಸ್ಲೇಟು, ಗಂಟಲಿನ ಆಪರೇಷನ್ ಆದಮೇಲೆ ಅವಳ ಮಾತೆಲ್ಲ ಬಳಪದಲ್ಲೇ. ನಾಳೆ ಈ ಹಾಡುಗಳು ಮರುಬಿಡುಗಡೆಗೆ ಹೋಗಬೇಕು, ಯಾವ ವೇಗದಲ್ಲಿ ಎಂದು ಅವಳನ್ನು ಕೇಳಬೇಕು, ಕೇಳುವುದಕ್ಕೆ ಮೊದಲು ತಪ್ಪೊಪ್ಪಿಕೊಳ್ಳಬೇಕು, ಎರಡನೆಯದು ನಾಲಿಗೆಗೆ ಬರುತ್ತಿಲ್ಲ. ಹಾಸಿಗೆ ಅಂಗಡಿಯ ಗೋದಾಮು ನೆನಪಾಗುತ್ತದೆ, ಬಡಗಿಯ ಡ್ರಮ್ಸು, ಕಂಪೌಂಡರನ ಗಿಟಾರು, ನನ್ನ ಬೇಸ್, ಅಕ್ಕನ ಹಾಡು, ಉಸಿರೆಳೆದರೆ ಮೂಗಿಗೆ ಹತ್ತಿ, ಅಂಗಡಿಯ ಅಮ್ಮ ಬಾಗಿಲಲ್ಲಿ ನಿಂತು ಎಷ್ಟಾದ್ರೂ ಕಿರುಚಿಕೊಳ್ರಪ್ಪ, ಹತ್ತಿಗೆ ಕಿವಿ ಇಲ್ಲ ಎನ್ನುತ್ತಿದ್ದಳು — ಆ ಪುಣ್ಯಾತ್ಗಿತ್ತಿಗೆ ನಾವು ಒಂದು ಹಾಡನ್ನೂ ಅರ್ಪಿಸಲಿಲ್ಲ. ಆಗ ನಾವು ಪಂಕ್ ಬ್ಯಾಂಡು, ಗಿಟಾರಿನಲ್ಲಿ ಮೂರೇ ಕಾರ್ಡು, ನಾಲ್ಕು ಸಾಲು, ಸಿಟ್ಟು. ಕೆಟ್ಟ ಟೇಪ್ ಡೆಕ್ಕನ್ನು ರಿಪೇರಿ ಮಾಡಿದವನು ನಾನು, ಭೌತಶಾಸ್ತ್ರದ ಎರಡನೇ ವರ್ಷ, ಸ್ಟಾಪ್‌ವಾಚ್ ಹಿಡಿದು ಮೋಟಾರಿನ ಸ್ಕ್ರೂ ತಿರುಗಿಸಿ ವೇಗ ಹೊಂದಿಸಿದೆ, ಮೂರು ಸಲ ಅಳೆದೆ, ಟೇಪು ಹಾಕದೆ ಅಳೆದೆ. ಟೇಪಿನ ಭಾರ ಬಿದ್ದಾಗ ಡೆಕ್ಕು ನಿಧಾನ ಓಡಿತು, ನಿಧಾನವಾಗಿಯೇ ಹಾಡು ಹಿಡಿಯಿತು, ಅದರಲ್ಲೇ ಕೇಳಿದರೆ ಎಲ್ಲ ಸರಿ, ಬೇರೆಯವರ ಮನೆಯಲ್ಲಿ ಹಾಕಿದರೆ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಟ. ನನಗೆ ಗೊತ್ತಾಗುವಷ್ಟರಲ್ಲಿ ಪ್ರತಿಗಳು ಕೈಯಿಂದ ಕೈಗೆ ಹೋಗಿಬಿಟ್ಟಿದ್ದವು.

ಮೊದಲ ಷೋ, ಬ್ಯಾಡ್ಮಿಂಟನ್ ಹಾಲು, ಅರವತ್ತು ಜನ, ಎರಡನೇ ಹಾಡಿಗೇ ಒಬ್ಬ ಏನ್ರೋ ನಿದ್ದೆ ಮಾಡ್ತಿದ್ದೀರಾ, ಕ್ಯಾಸೆಟ್ ಥರ ನುಡಿಸ್ರೋ ಎಂದ, ಬಡಗಿ ನನ್ನತ್ತ ನೋಡಿದ, ನಾನು ತಂತಿಯತ್ತ ನೋಡಿದೆ. ಆ ಕ್ಯಾಸೆಟ್ಟಿನೋರು ಯಾರೋ ಗೊತ್ತಿಲ್ಲ ಕಣ್ರೋ, ಅವರನ್ನ ಹಿಡೀಲೇಬೇಕು ಎಂದ ಬಡಗಿ, ಮರುದಿನ ಡ್ರಮ್ಮಿಗೆ ಎರಡನೇ ಪೆಡಲನ್ನು ತಾನೇ ಮಾಡಿಕೊಂಡು ಬಂದ, ಆರು ತಿಂಗಳು ನಾವು ನಮ್ಮದೇ ಬೆನ್ನು ಹತ್ತಿ ಓಡಿದೆವು, ಹಿಡಿದೆವು, ದಾಟಿದೆವು, ಆಮೇಲೆ ಯಾರೋ ಇದು ಪಂಕ್ ಅಲ್ಲ, ಥ್ರಾಷ್ ಮೆಟಲ್ ಎಂದರು, ನಾವೂ ಹೌದೆಂದೆವು. ಹನ್ನೊಂದು ವರ್ಷ, ಲಾರಿಯ ಹಿಂಬದಿ, ಸೋರುವ ನೆಲಮಾಳಿಗೆಗಳು, ಹೆಸರು ಕೇಳದೆ ಊಟ ಹಾಕಿದ ಮನೆಗಳು, ಒಂದು ಸ್ಕ್ರೂ ಇಷ್ಟೆಲ್ಲ ಕೊಟ್ಟಿತು. ಅಕ್ಕನ ದನಿಯನ್ನು ಮಾತ್ರ ಕ್ಯಾಸೆಟ್ಟಿನ ಎತ್ತರಕ್ಕೆ ಎಳೆಯಿತು, ಬಿಸಿನೀರು, ಉಪ್ಪು, ಮತ್ತೆ ಕಿರುಚು — ಈ ಕಾಯಿಲೆಗೂ ಹಾಡಿಗೂ ಸಂಬಂಧವಿಲ್ಲ ಎಂದರು ಡಾಕ್ಟರು, ಮೂವರನ್ನು ಕೇಳಿದೆ, ಮೂವರೂ ಅದನ್ನೇ ಅಂದರು, ಅಂಕಿಅಂಶ ಒಪ್ಪುತ್ತದೆ, ನಾನು ಒಪ್ಪುವುದಿಲ್ಲ. ಅಕ್ಕಾ, ಅವತ್ತು ಟೇಪು ಹಾಕದೆ ವೇಗ ಅಳೆದಿದ್ದೆ ಕಣೆ, ಕ್ಯಾಸೆಟ್ಟಲ್ಲಿರೋದು ನಾವಲ್ಲ. ಹೇಳಿಬಿಟ್ಟೆನೆ? ಬಳಪದ ಕಿರ್ ಸದ್ದು. ಗೊತ್ತಿತ್ತು. ಒರೆಸುತ್ತಾಳೆ. ನನ್ ದನಿ ನನಗೆ ಗೊತ್ತಾಗಲ್ವೇನೋ, ದಡ್ಡ. ಒರೆಸುತ್ತಾಳೆ. ಕ್ಯಾಸೆಟ್ಟಿನ ಹುಡುಗಿ ನನಗಿಂತ ಜೋರಾಗಿದ್ಲು, ಅವಳ ಹಿಂದೆ ಓಡೋಕೆ ಮಜಾ ಇತ್ತು, ನೀನು ಹೇಳಿದ್ರೆ ನಿಲ್ಲಿಸಬೇಕಿತ್ತು, ಅದಕ್ಕೇ ನಾನೂ ಕೇಳಲಿಲ್ಲ. ಸ್ಲೇಟು ತುಂಬುತ್ತದೆ, ಅಂಗೈಯಲ್ಲೇ ಒರೆಸುತ್ತಾಳೆ. ಜನಕ್ಕೆ ಅವಳನ್ನೇ ಕೊಡು. ಇಲ್ಲಿ ನನ್ನನ್ನ ಹಾಕು. ವೇಗ ಇಳಿಸುತ್ತೇನೆ, ಗೆರೆ ಐವತ್ತಕ್ಕೆ ಬಂದು ನಿಲ್ಲುತ್ತದೆ, ಮೊದಲ ಹಾಡಿಗೂ ಮುಂಚೆ, ಇಷ್ಟು ವರ್ಷ ಟೇಪಿನ ಸರಬರ ಎಂದುಕೊಂಡಿದ್ದೆವಲ್ಲ ಅದು, ಅದು ಉಸಿರು, ಇಪ್ಪತ್ತೊಂದು ವರ್ಷದ ಅಕ್ಕ ಬಾಯ್ತುಂಬ ಉಸಿರೆಳೆದುಕೊಳ್ಳುತ್ತಾಳೆ, ಪಕ್ಕದ ಅಕ್ಕ ಬೆರಳೆತ್ತಿ ಮತ್ತೆ ಎಂದು ಸನ್ನೆ ಮಾಡುತ್ತಾಳೆ, ಹಿಂದಕ್ಕೆ ಹೋಗುತ್ತೇನೆ, ಉಸಿರೆಳೆದುಕೊಳ್ಳುತ್ತಾಳೆ, ಮತ್ತೆ, ಹಿಂದಕ್ಕೆ, ತೆರೆದ ಬಾಯಿ, ಒಳಗೆ ಹೋಗುವ ಗಾಳಿ, ಹಾಡು ಇನ್ನೂ ಶುರುವಾಗಿಲ್ಲ, ಉಸಿರು —