ಬಾಗದ ಹಲಗೆ, ಬಿಗಿದ ನಟ್ಟು

ಐವತ್ತೆರಡನೇ ವಯಸ್ಸಿನಲ್ಲಿ ನಮ್ಮ ಅಕ್ಕನಿಗೆ ಮೊಣಕಾಲು ಕೈಕೊಟ್ಟವು. ಕಾಲು ಹೇಗೆ ಕೈಕೊಡುತ್ತದೆ ಎಂದು ಕೇಳಬೇಡಿ, ಕೊಟ್ಟವು.

ಅವಳದು ಔಷಧಿ ಗೋದಾಮಿನಲ್ಲಿ ಕೆಲಸ. ಅಲ್ಲಿ ಕಂಬಕ್ಕೊಂದರಂತೆ ನಲವತ್ತೆರಡು ಥರ್ಮಾಮೀಟರ್ ನೇತುಹಾಕಿದ್ದಾರೆ. ದಿನಕ್ಕೆ ಆರು ಸಲ ಅಷ್ಟನ್ನೂ ನೋಡಿ ಪಟ್ಟಿಯಲ್ಲಿ ಬರೆಯಬೇಕು. ಒಂದು ಸುತ್ತು ಎಂದರೆ ಒಂದೂವರೆ ಕಿಲೋಮೀಟರ್. ಮೊದಲು ಅರ್ಧ ಗಂಟೆಗೆ ಮುಗಿಸುತ್ತಿದ್ದವಳು ಈಗ ಕುಂಟುತ್ತಾ ಐವತ್ತು ನಿಮಿಷ ತೆಗೆದುಕೊಳ್ಳುತ್ತಿದ್ದಳು. ಅಲ್ಲಿನ ಮೇಲ್ವಿಚಾರಕ ಕೊರಳಿಗೆ ಸ್ಟಾಪ್‌ವಾಚ್ ಹಾಕಿಕೊಂಡೇ ಹುಟ್ಟಿದವನು. ಎಲ್ಲರೂ ಅವನನ್ನು ಕರೆಯುವುದೇ ಸ್ಟಾಪ್‌ವಾಚ್ ಎಂದು.

"ಮೇಡಂ, ನೀವು ಗೇಟಿನ ಮೇಜಿಗೆ ಹೋಗಿ, ಕೂತ್ಕೊಂಡು ಮಾಡೋ ಕೆಲಸ" ಎಂದ ಸ್ಟಾಪ್‌ವಾಚ್.

ಗೇಟಿನಲ್ಲಿ ಕೂರುವುದೆಂದರೆ ಗೇಟಿನ ಗುಮಾಸ್ತನ ಪಕ್ಕ ಕೂರುವುದು. ಆ ಮನುಷ್ಯ ಇಪ್ಪತ್ತು ವರ್ಷದಿಂದ ತನ್ನ ಮಲಬದ್ಧತೆಯ ವಾರ್ತೆಯನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ತಪ್ಪದೆ ಪ್ರಸಾರ ಮಾಡುತ್ತಿದ್ದಾನೆ.

"ಕಾಲು ಹಾಳಾಗಿ ಹೋಗಲಿ, ಅವನ ಹೊಟ್ಟೆ ಪುರಾಣ ಕೇಳ್ಕೊಂಡು ನಾನು ರಿಟೈರ್ ಆಗಲ್ಲ" ಎಂದಳು ಅಕ್ಕ ಮನೆಗೆ ಬಂದು. ಸ್ಟಾಪ್‌ವಾಚ್‌ನಿಂದ ಒಂದು ಮಾತು ಕಿತ್ತುಕೊಂಡೇ ಬಂದಿದ್ದಳು. ಬರುವ ಮೊದಲ ಭಾನುವಾರ ತಾಲೀಮು, ಎರಡನೇ ಭಾನುವಾರ ಪರೀಕ್ಷೆ. ಹೇಗಾದರೂ ಮಾಡಿ ಅರ್ಧ ಗಂಟೆಯಲ್ಲಿ ಸುತ್ತು ಮುಗಿಸಿದರೆ ಅದೇ ಕೆಲಸ, ಇಲ್ಲದಿದ್ದರೆ ಗೇಟು.

ಸೈಕಲ್, ಸ್ಕೂಟರು ಆಗುವುದಿಲ್ಲ. ಒಂದು ಕೈಯಲ್ಲಿ ಪ್ಯಾಡು, ಇನ್ನೊಂದರಲ್ಲಿ ಪೆನ್ನು ಹಿಡಿದವಳು ಹ್ಯಾಂಡಲ್ ಹಿಡಿಯಲು ಮೂರನೇ ಕೈ ಎಲ್ಲಿಂದ ತರುತ್ತಾಳೆ? ಆದರೆ ಅವಳು ಬಸ್ಸಿನ ಕಿಟಕಿಯಿಂದ ಏನನ್ನೋ ನೋಡಿದ್ದಳು.

"ಒಂದು ಹುಡುಗಿ ಕಣೋ. ಕಾಲ ಕೆಳಗೆ ಹಲಗೆ, ಹಲಗೆ ಕೆಳಗೆ ನಾಲ್ಕು ಚಕ್ರ. ಒಂದು ಕೈಲಿ ಟೀ, ಇನ್ನೊಂದು ಕೈಲಿ ಫೋನು. ನಿಂತ ಹಾಗೇ ಹೋಗ್ತಿದ್ಳು, ಸೀರಿಯಲ್ ದೇವತೆ ಥರ!"

"ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ಅದು. ಈ ವಯಸ್ಸಲ್ಲಿ ನಿನಗೆ ಅದೊಂದು ಬಾಕಿ ಇತ್ತು" ಎಂದೆ.

"ಬಾಕಿ ಇರೋದು ಬೇಕಾದಷ್ಟಿದೆ. ಮಾಡಿಕೊಡ್ತೀಯೋ ಇಲ್ಲವೋ?"

ನಾನು ಬಡಗಿ, ಬಾಗಿಲು ಮಾಡುವವನು. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಲಾರಿ ಮೆಕ್ಯಾನಿಕ್. ಇಬ್ಬರಿಗೂ ಕೈಯಲ್ಲಿ ಕಸುಬಿದೆ, ಮೂಗಿನ ತುದಿಯಲ್ಲಿ ಕೋಪವಿದೆ. ಮೂವರೂ ಅಂಥ ಬೋರ್ಡು ಮಾರುವ ಅಂಗಡಿಗೆ ಹೋದೆವು. ಅಂಗಡಿಯವನು ಸೋಡಾಗ್ಲಾಸಿನ ಕನ್ನಡಕದ ಹುಡುಗ.

"ಯಾರಿಗೆ ಸಾರ್? ಮಗನಿಗಾ?"

"ನನಗೆ" ಎಂದಳು ಅಕ್ಕ. ಕನ್ನಡಕದವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವಳನ್ನೇ ನೋಡಿದ.

ಆದರೂ ಕೆಲಸ ಬಲ್ಲವನು. ಒಂದು ಹಲಗೆಯನ್ನು ಎರಡು ಇಟ್ಟಿಗೆಯ ಮೇಲಿಟ್ಟು ನಡುವೆ ಕಾಲಿಟ್ಟು ಒತ್ತಿ ತೋರಿಸಿದ. ಹಲಗೆ ಬಿಲ್ಲಿನ ಹಾಗೆ ಬಗ್ಗಿ ಮೇಲೆದ್ದಿತು. "ನೆಲದ ಕುಲುಕು ಮೊಣಕಾಲಿಗೆ ಹೋಗಬಾರದು ಅಂದ್ರೆ ಹಲಗೆ ಬಾಗಬೇಕು ಮೇಡಂ" ಎಂದ.

ನನಗೆ ರೇಗಿತು. ಇಪ್ಪತ್ತೆಂಟು ವರ್ಷದಿಂದ ನಾನು ಜಗಳವಾಡುತ್ತಿರುವುದೇ ಬಾಗುವ ಮರದ ಜೊತೆ. ಬಾಗಿದ ಬಾಗಿಲನ್ನು ಗಿರಾಕಿ ತಂದು ನನ್ನ ತಲೆಯ ಮೇಲೆ ಹಾಕುತ್ತಾನೆ. "ಇದೇನು ಹಲಗೆಯೋ ಹಾಸಿಗೆಯೋ? ನಾನು ಬದುಕಿರುವಾಗ ಅಂಗಡಿಯಿಂದ ಮರ ಒಯ್ಯುವಷ್ಟು ಗತಿಗೆಟ್ಟಿಲ್ಲ ನಮ್ಮ ಮನೆ. ಹಲಗೆ ನಂದು. ಬೇರೇದು ತೋರಿಸು" ಎಂದೆ.

ಬೇರೆಯದು ಎಂದರೆ ಟ್ರಕ್ಕುಗಳು. ಹಲಗೆಯ ಕೆಳಗೆ ಹಿಂದೊಂದು ಮುಂದೊಂದು ಕೂರುವ, ಚಕ್ರ ಹಿಡಿಯುವ ಕಬ್ಬಿಣದ ಅಚ್ಚುಗಳಿಗೆ ಆ ಹೆಸರು. ಹಲಗೆಯ ಮೇಲೆ ನಿಂತವರು ಒಂದು ಬದಿಗೆ ವಾಲಿದರೆ ಅಚ್ಚೂ ಆ ಕಡೆ ತಿರುಗುತ್ತದೆ, ಅದೇ ಸ್ಟೇರಿಂಗು. ತಿರುಗಲು ನಡುವೆ ಬುಷ್ ಎಂಬ ರಬ್ಬರ್ ಉಂಗುರ, ಅದನ್ನು ಅದುಮಿ ಹಿಡಿಯಲು ಮೇಲೊಂದು ದೊಡ್ಡ ನಟ್ಟು. ಕನ್ನಡಕದವನು ಅಗಲವಾದ ಜೋಡಿಯನ್ನು ಆರಿಸಿ ಕೊಟ್ಟ. ಭಾವ ಅದನ್ನು ಕೈಯಲ್ಲಿ ಅಲ್ಲಾಡಿಸಿ ಮುಖ ಸಿಂಡರಿಸಿದರು. "ಸಡಿಲ ಇದೆಯಲ್ಲೋ."

"ಸಡಿಲ ಇರಬೇಕು ಸಾರ್."

"ಏನಂದೆ?" ಭಾವನ ಕಿವಿ ಕೆಂಪಾಯಿತು. ಅವರ ಮಟ್ಟಿಗೆ ಸಡಿಲ ನಟ್ಟು ಎಂದರೆ ಹೆದ್ದಾರಿಯಲ್ಲಿ ಒಂದು ಹೆಣ.

ಅಕ್ಕ ನಡುವೆ ಬಾಯಿ ಹಾಕಿದಳು. "ರೀ, ಸ್ವಲ್ಪ ಓಲಾಡಬೇಕಂತಲ್ಲ?"

"ನೀನು ಸುಮ್ನಿರು" ಎಂದೆವು ಇಬ್ಬರೂ ಒಟ್ಟಿಗೆ. ನಾನು, ಭಾವ ಯಾವುದರಲ್ಲಾದರೂ ಒಪ್ಪಿದ್ದು ಅವರ ಮದುವೆಯಾದ ಮೇಲೆ ಅದೇ ಮೊದಲು.

ಚಕ್ರದ ವಿಷಯಕ್ಕೆ ಮಾತ್ರ ಅವಳು ನಮ್ಮ ಮಾತು ಕೇಳಲಿಲ್ಲ. ಭಾವನಿಗೆ ಗಾಳಿ ತುಂಬುವ ದೊಡ್ಡ ಟೈರೇ ಬೇಕು. ನನಗೆ ನಿಂಬೆಹಣ್ಣಿನ ಗಾತ್ರದ ಗಟ್ಟಿ ಚಕ್ರ ಚೆಂದ ಕಂಡಿತು. ಅಕ್ಕ ಎರಡು ಬೆರಳು ಜೋಡಿಸಿ ಹಿಡಿದು, "ನಮ್ಮ ನೆಲದಲ್ಲಿ ಇಷ್ಟಗಲದ ಸೀಳುಗಳಿವೆ, ಹತ್ತು ಹತ್ತು ಹೆಜ್ಜೆಗೊಂದು. ಈ ನಿಂಬೆಹಣ್ಣು ಅದರೊಳಗೆ ಕೂತ್ಕೊಂಡ್ರೆ ನಾನು ಮುಂದೆ ಹೋಗಿ ಬೀಳ್ತೀನಿ. ಆ ಟೈರು ಹಾಕಿದ್ರೆ ಹತ್ತೋಕೆ ಏಣಿ ಬೇಕು" ಎಂದಳು. ಕಿತ್ತಳೆ ಗಾತ್ರದ್ದೊಂದನ್ನು ತೆಗೆದು ಉಗುರಿನಿಂದ ಒತ್ತಿ ನೋಡಿದಳು. ಉಗುರು ಸ್ವಲ್ಪ ಇಳಿಯಿತು. "ಇದು."

ಮೋಟಾರು, ಬೆಲ್ಟು, ಬ್ಯಾಟರಿ, ಓಡಿಸಿ ನಿಲ್ಲಿಸುವ ರಿಮೋಟು ಎಲ್ಲ ಕನ್ನಡಕದವನೇ ಹೊಂದಿಸಿದ. ಒಮ್ಮೆ ಚಾರ್ಜು ಮಾಡಿದರೆ ಹದಿನೈದು ಕಿಲೋಮೀಟರ್ ಓಡುತ್ತದೆ ಎಂದ.

ನಾಲ್ಕು ದಿನದಲ್ಲಿ ಬೋರ್ಡು ತಯಾರು. ಒಂದಂಗುಲ ದಪ್ಪದ ತೇಗ, ದುಂಡಗೆ ಹೆರೆದ ಅಂಚು, ಮೂರು ಕೈ ಪಾಲಿಶ್. ಆನೆ ನಿಂತರೂ ಕದಲುವುದಿಲ್ಲ. ಭಾವ ಮೊಳದುದ್ದದ ಸ್ಪ್ಯಾನರ್ ಹಾಕಿ, ಹಲ್ಲು ಕಚ್ಚಿ, ಎರಡೂ ನಟ್ಟನ್ನು ಇನ್ನು ಈ ಜನ್ಮದಲ್ಲಿ ಬಿಚ್ಚಬಾರದು ಎಂಬಂತೆ ಬಿಗಿದರು. ಅಕ್ಕ ರಿಮೋಟನ್ನು ಪ್ಯಾಡಿನ ಅಡಿಗೆ ಟೇಪಿನಿಂದ ಅಂಟಿಸಿದಳು, ಹೆಬ್ಬೆರಳಿಗೆ ಸಿಗುವ ಹಾಗೆ. ನಮ್ಮ ಓಣಿಯಲ್ಲಿ ಅಭ್ಯಾಸವನ್ನೂ ಮಾಡಿದಳು. ಓಣಿ ನೆಟ್ಟಗಿದೆ. ಕೊನೆಗೆ ಹೋಗಿ, ಇಳಿದು, ಬೋರ್ಡನ್ನು ತಿರುಗಿಸಿಟ್ಟುಕೊಂಡು ವಾಪಸು ಬರುತ್ತಿದ್ದಳು. ಮೂವರಲ್ಲಿ ಒಬ್ಬರಿಗಾದರೂ ಅನುಮಾನ ಬರಬೇಕಿತ್ತು.

ಮೊದಲ ಭಾನುವಾರ ಬೆಳಗ್ಗೆ ತಾಲೀಮಿಗೆ ಗೋದಾಮಿಗೆ ಹೋದೆವು. ಏನಾದರೂ ಮುರಿದರೆ ಜವಾಬ್ದಾರಿ ನಮ್ಮದೆಂದು ನನ್ನಿಂದಲೂ ಭಾವನಿಂದಲೂ ಸಹಿ ಹಾಕಿಸಿಕೊಂಡು ಸ್ಟಾಪ್‌ವಾಚ್ ತನ್ನ ಗುಂಡಿ ಒತ್ತಿದ.

ಮೊದಲ ಸಾಲಿನ ಹನ್ನೊಂದು ಕಂಬದವರೆಗೆ ಅವಳ ಸವಾರಿ ನೋಡುವಂತಿತ್ತು. ನಿಲ್ಲುವಳು, ಬರೆಯುವಳು, ಹೊರಡುವಳು. ನಾನು ಭಾವನ ಬೆನ್ನಿಗೆ ಗುದ್ದಿದೆ, ಭಾವ ನನಗೆ ಗುದ್ದಿದರು. ಸಾಲಿನ ಕೊನೆಯಲ್ಲಿ ಎಡಕ್ಕೆ ತಿರುಗಬೇಕು. ಅಕ್ಕ ಎಡಕ್ಕೆ ವಾಲಿದಳು. ಬೋರ್ಡು ನೆಟ್ಟಗೆ ಹೋಯಿತು. ಇನ್ನಷ್ಟು ವಾಲಿದಳು. ಬೋರ್ಡು, ಮಾವನ ಮನೆಗೆ ಬಂದ ಅಳಿಯನ ಹಾಗೆ, ಯಾರ ಮಾತೂ ಕೇಳದೆ ನೆಟ್ಟಗೇ ಹೋಯಿತು. "ಅಯ್ಯೋ ನಿಮ್ಮ ಮುಖಕ್ಕಿಷ್ಟು!" ಎಂಬ ಕೂಗು ಕೇಳಿತು, ಹಿಂದೆಯೇ ಧೊಪ್ಪೆಂದು ಸದ್ದು.

ಪುಣ್ಯಕ್ಕೆ ಅಲ್ಲಿ ಅಟ್ಟಿ ಹಾಕಿದ್ದು ದೊಡ್ಡವರು ಕಟ್ಟಿಕೊಳ್ಳುವ ಡಯಪರ್‌ಗಳ ಪೆಟ್ಟಿಗೆ. ಓಡಿ ಹೋಗಿ ನೋಡಿದರೆ ಅಕ್ಕ ಅದರ ಮೇಲೆ ಮಲಗಿದ್ದಳು, ಹೆಲ್ಮೆಟ್ ಮೂಗಿನ ಮೇಲೆ. ಎಲ್ಲೂ ಗಾಯವಿಲ್ಲ. ನಾಲಿಗೆಗಂತೂ ಇಲ್ಲವೇ ಇಲ್ಲ.

"ಬಂದ್ರಾ ವಿಶ್ವಕರ್ಮರು! ಒಬ್ಬ ಬಾಗಿಲು ಮಾಡಿಕೊಟ್ಟ, ಇನ್ನೊಬ್ರು ಅದಕ್ಕೆ ಬೀಗ ಹಾಕಿಕೊಟ್ರು. ನಾನು ನಿಂತಿದ್ದು ಬೋರ್ಡಿನ ಮೇಲಲ್ಲ, ನಿಮ್ಮಿಬ್ಬರ ಜಂಬದ ಮೇಲೆ!"

"ಮರ ಗಟ್ಟಿ ಇದೆ ಅನ್ನೋದು ತಪ್ಪಾ?" ಎಂದೆ ನಾನು, ನಾಚಿಕೆಗೆಟ್ಟವನು.

"ತಪ್ಪು ಕಣೋ! ನನ್ನ ಮೊಣಕಾಲು ಪ್ರತಿ ಸೀಳಿಗೂ ಒಂದೊಂದು ಸಲ ಅತ್ತಿವೆ. ಆ ಹುಡುಗ ಬಾಯಿಬಿಟ್ಟು ಹೇಳ್ದ, ಬಾಗಬೇಕು, ಸಡಿಲ ಇರಬೇಕು ಅಂತ. ಕೇಳಿದ್ರಾ?" ಗಂಡನ ಕಡೆ ಕೈ ಚಾಚಿದಳು. "ಸ್ಪ್ಯಾನರ್ ಕೊಡಿ."

"ನೋಡು, ನಟ್ಟು ಸಡಿಲ ಮಾಡೋದು ಅಂದ್ರೆ..."

"ಕೊಡ್ರೀ!"

ನೆಲದ ಮೇಲೆ ಕಾಲು ಚಾಚಿ ಕೂತು ತಾನೇ ಎರಡೂ ನಟ್ಟನ್ನು ಒಂದೂವರೆ ಸುತ್ತು ಬಿಚ್ಚಿದಳು. ಭಾವ ನೋಡಬಾರದ್ದನ್ನು ನೋಡಿದವರ ಹಾಗೆ ಆ ಕಡೆ ತಿರುಗಿ ನಿಂತರು. "ಇನ್ನೊಂದು ಭಾನುವಾರ ಇದೆ ಮೇಡಂ" ಎಂದು ಸ್ಟಾಪ್‌ವಾಚ್ ತನ್ನ ಪಾಡಿಗೆ ಹೋದ. ಹೊರಗೆ ಬರುವಾಗ ಗೇಟಿನ ಗುಮಾಸ್ತ ಪಕ್ಕದ ಖಾಲಿ ಕುರ್ಚಿಯ ಧೂಳು ಒರೆಸುತ್ತಿದ್ದ. ಅಕ್ಕನ ಮುಖ ನೋಡಲಾಗಲಿಲ್ಲ ನನಗೆ.

ಆ ವಾರ ನಾನು ಒಂದೇ ಒಂದು ಬಾಗಿಲನ್ನೂ ಮುಟ್ಟಲಿಲ್ಲ. ರಟ್ಟಿನಷ್ಟು ತೆಳುವಾದ ಮರದ ಪದರಗಳನ್ನು ಅಂಟು ಹಚ್ಚಿ ಒಂದರ ಮೇಲೊಂದು ಕೂರಿಸಿ, ಬಿಲ್ಲಿನಂಥ ಅಚ್ಚಿನ ನಡುವೆ ಕ್ಲಾಂಪು ಹಾಕಿ ಒಣಗಿಸಿದೆ. ಎಷ್ಟು ಪದರ ಎಂಬುದು ನಿಲ್ಲುವವರ ತೂಕದ ಮೇಲೆ ಹೋಗುತ್ತದೆ. ಅಕ್ಕನನ್ನು ಕೇಳಿದೆ. ಅವಳು ತನ್ನ ಮದುವೆಯ ದಿನದ ತೂಕ ಹೇಳಿದಳು. ಐದು ಪದರ ಹಾಕಿದೆ. ನಾನು ಹತ್ತಿ ನಿಂತ ಕೂಡಲೇ ಲಟ್ಟೆಂದಿತು. ಎರಡನೆಯದಕ್ಕೆ ಯಾರನ್ನೂ ಕೇಳದೆ ಏಳು ಪದರ ಹಾಕಿದೆ. ನಡು ಬಾಗಲು ಜಾಗವಿರಲಿ ಎಂದು ಬ್ಯಾಟರಿ ಡಬ್ಬಿಯನ್ನು ಹಿಂದಿನ ತುದಿಗೆ ಸರಿಸಿದೆ. ಹತ್ತಿ ನಿಂತರೆ ಹಲಗೆ ಮೆತ್ತಗೆ ಇಳಿದು, ಮತ್ತೆ ಮೇಲೆ ಎತ್ತಿತು. ಮೈ ಜುಮ್ಮೆಂದಿತು. ಕಸುಬಿನವರು ಯಾರಾದರೂ ನೋಡಿಬಿಟ್ಟಾರು ಎಂದು ಬಾಗಿಲು ಹಾಕಿಕೊಂಡೆ.

ಎರಡನೇ ಭಾನುವಾರ. ಅಕ್ಕ ಹೊರಟಳು. ಹನ್ನೊಂದನೇ ಕಂಬ ದಾಟಿ ಎಡಕ್ಕೆ ವಾಲಿದಳು. ಭಾವ ನನ್ನ ತೋಳು ಹಿಂಡಿ ಹಿಡಿದಿದ್ದರು. ಬೋರ್ಡು ಹೊಳೆಯ ತಿರುವಿನ ನೀರಿನಂತೆ ತಿರುಗಿ, ರ್‍ಯಾಕುಗಳ ಹಿಂದೆ ಮರೆಯಾಯಿತು. ಆಮೇಲೆ ನಮಗೆ ಕೇಳಿದ್ದು ಮೋಟಾರಿನ ಗುಂಯ್‌ಗುಡುವಿಕೆ, ಸೀಳು ದಾಟುವ ಮೆತ್ತನೆಯ ಸದ್ದು, ನಡುನಡುವೆ ನಿಂತಾಗಿನ ಮೌನ.

ಇಪ್ಪತ್ತೆರಡು ನಿಮಿಷಕ್ಕೆ ನಮ್ಮ ಮುಂದೆ ಬಂದು ನಿಂತಳು. ಸ್ಟಾಪ್‌ವಾಚ್ ಪಟ್ಟಿ ನೋಡಿದ. ನಲವತ್ತೆರಡೂ ಸರಿ. ಅವನ ಮುಖ ಅರಳಿತು. ಅದನ್ನು ಕಂಡೇ ನನಗೆ ಭಯವಾಯಿತು.

"ಭೇಷ್ ಮೇಡಂ! ಹಾಗಾದ್ರೆ ಪಕ್ಕದ ಗೋದಾಮಿನ ಸುತ್ತೂ ನೀವೇ ನೋಡ್ಕೊಳ್ಳಿ. ಟೈಮ್ ಉಳೀತಲ್ಲ."

ಅಕ್ಕ ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡಳು. "ಆಸೆ ನನಗೂ ಇದೆ ಕಣಪ್ಪ. ಏನು ಮಾಡ್ಲಿ, ಬ್ಯಾಟರಿ ಒಂದೇ ಸುತ್ತು ಬರೋದು. ಆಮೇಲೆ ಅರ್ಧ ಗಂಟೆ ಚಾರ್ಜಿಗೆ ಹಾಕಿ ಪಕ್ಕದಲ್ಲಿ ಕೂತು ಕಾಯಬೇಕು."

ಅವನು ನನ್ನ ಕಡೆ ತಿರುಗಿದ. "ಹೌದಾ ಸಾರ್? ಮಾಡಿದವರು ನೀವಲ್ವಾ?"

ನಾನು ಬಾಯಿಗೆ ಬಂದದ್ದನ್ನು ಹೇಳಿಬಿಡುವವನು. ಗಿರಾಕಿಗೆ, ಬೀಗರಿಗೆ, ಪೊಲೀಸರಿಗೆ, ಎಲ್ಲರಿಗೂ ಸತ್ಯ ಹೇಳಿ ಎಲ್ಲರ ಕೈಲೂ ಬೈಸಿಕೊಂಡಿದ್ದೇನೆ. ಹದಿನೈದು ಕಿಲೋಮೀಟರ್ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬಂದಿತು. ಅಕ್ಕ ನನ್ನನ್ನು ನೋಡುತ್ತಿದ್ದಳು. ಅಂದು ಭಾವನಿಂದ ಕಿತ್ತುಕೊಂಡ ಸ್ಪ್ಯಾನರ್ ಇನ್ನೂ ಅವಳ ಚೀಲದಲ್ಲೇ ಇತ್ತು.

"ಒಂದು ಸುತ್ತೂ ಕಷ್ಟವೇ. ಏರಿಳಿತ ಇದ್ದರೆ ಅದೂ ಬರಲ್ಲ" ಎಂದೆ.

"ಈ ಕಂಪನಿ ಬ್ಯಾಟರಿನೇ ಹಾಗೆ" ಎಂದು ಭಾವ ಗಂಭೀರವಾಗಿ ತಲೆಯಾಡಿಸಿದರು.

ಸ್ಟಾಪ್‌ವಾಚ್ ಪಟ್ಟಿಗೆ ಸಹಿ ಹಾಕಿದ. ಅಕ್ಕ ಮತ್ತೆ ಹಲಗೆ ಹತ್ತಿ, ಮೂಲೆಯಲ್ಲಿದ್ದ ಚಹಾದ ಕೋಣೆಯ ಕಡೆ ಹೊರಟಳು. ದಾರಿಯಲ್ಲಿ ತಿರುವೇ ಇರಲಿಲ್ಲ. ಆದರೂ ಬೇಕಂತಲೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಾ ಹೋದಳು. ನನ್ನ ಹಲಗೆ ಅವಳ ಕಾಲ ಕೆಳಗೆ ಬಾಗಿ ಬಾಗಿ ಏಳುತ್ತಿತ್ತು.

ಭಾವ ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದರು. "ಏನೇ ಹೇಳು, ಆ ನಟ್ಟು ಸಡಿಲ ಇದೆ" ಎಂದರು.